ಬಾನೆಟ್ ಕೆಳಗಿನ ಡಿಕ್ಕಿಗೊಂದು ಪ್ಲಗ್ ಪಾಯಿಂಟ್

ಪ್ರಶ್ನೆ: ನಾವಿರುವುದು ಅಮೆರಿಕದ ಡಲ್ಲಾಸ್‌ನಲ್ಲಿ. ನಮ್ಮ ಎಲೆಕ್ಟ್ರಿಕ್ ಪಿಕಪ್ ಟ್ರಕ್‌ನ ಬಾನೆಟ್ ಕೆಳಗೆ ದೊಡ್ಡ ಡಿಕ್ಕಿ ಇದೆ, ಆದರೆ ಅದರೊಳಗೆ ಒಂದೂ ಪ್ಲಗ್ ಪಾಯಿಂಟ್ ಇಲ್ಲ. ದೂರದ ಊರಿಗೆ ಹೊರಟಾಗ 12 ವೋಲ್ಟ್‌ನ ಸಣ್ಣ ಫ್ರಿಜ್ ಅಲ್ಲಿಟ್ಟುಕೊಳ್ಳುವ ಆಸೆ. ಸಾಕೆಟ್ ನಾನೇ ಹಾಕಿಕೊಳ್ಳಬಹುದೇ? ಬ್ಯಾಟರಿ ಇಳಿದುಹೋಗುತ್ತದೆ ಎಂದು ಸ್ನೇಹಿತರು ಹೆದರಿಸುತ್ತಿದ್ದಾರೆ.

ಉತ್ತರ: ಹಾಕಿಕೊಳ್ಳಬಹುದು. ಸ್ನೇಹಿತರ ಹೆದರಿಕೆಯಲ್ಲೂ ಅರ್ಥವಿದೆ. ಟ್ರಕ್ ಓಡಿಸುವ ದೊಡ್ಡ ಬ್ಯಾಟರಿಗೆ ನಿಮ್ಮ ಫ್ರಿಜ್ ಲೆಕ್ಕಕ್ಕೇ ಇಲ್ಲ. ಇಳಿಯುವುದು 12 ವೋಲ್ಟ್‌ನ ಸಣ್ಣ ಬ್ಯಾಟರಿ. ಬಾಗಿಲಿನ ಬೀಗ, ಕಂಪ್ಯೂಟರುಗಳು, ದೊಡ್ಡ ಬ್ಯಾಟರಿಯನ್ನು ಜೋಡಿಸುವ ಕಾಂಟ್ಯಾಕ್ಟರುಗಳು ಎಲ್ಲವೂ ನಡೆಯುವುದು ಅದರಿಂದಲೇ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಏಳುವುದಿಲ್ಲ. ಪೆಟ್ರೋಲ್ ಗಾಡಿಯಂತೆ ಇಲ್ಲಿ ಆಲ್ಟರ್ನೇಟರ್ ಇಲ್ಲ, ದೊಡ್ಡ ಬ್ಯಾಟರಿಯ ವೋಲ್ಟೇಜನ್ನು ಇಳಿಸಿಕೊಡುವ ಡಿಸಿ-ಡಿಸಿ ಕನ್ವರ್ಟರ್ ಈ ಸಣ್ಣ ಬ್ಯಾಟರಿಯನ್ನು ತುಂಬಿಸುತ್ತದೆ. ಅದು ಕೆಲಸ ಮಾಡುವುದು ಗಾಡಿ ಎಚ್ಚರವಿದ್ದಾಗ ಮಾತ್ರ. ಆದ್ದರಿಂದ ಗಾಡಿ ಮಲಗಿದಾಗ ಸಾಕೆಟ್ ಕೂಡ ಮಲಗಬೇಕು. ಕೆಲಸದ ತಿರುಳು ಇಷ್ಟೇ.

ಮೊದಲು ಮ್ಯಾನ್ಯುಯಲ್ ತೆಗೆದು ವೋಲ್ಟೇಜ್ ನೋಡಿ. ಟೆಸ್ಲಾ ಸೈಬರ್‌ಟ್ರಕ್ ಆಗಿದ್ದರೆ ಅದರ ಸಣ್ಣ ವ್ಯವಸ್ಥೆಯೂ 48 ವೋಲ್ಟ್. ಅದಕ್ಕೆ ನೇರವಾಗಿ 12 ವೋಲ್ಟ್ ಸಾಕೆಟ್ ಕೊಟ್ಟರೆ ಫ್ರಿಜ್ ಸುಡುತ್ತದೆ, ನಡುವೆ 48ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಬೇಕು. ಮುಂದೆ ಹೇಳುವುದೆಲ್ಲ 12 ವೋಲ್ಟ್ ಗಾಡಿಗಳಿಗೆ.

ಬೇಕಾಗುವ ಸಾಮಾನು: ಮುಚ್ಚಳವಿರುವ 15 ಆಂಪ್ ಸಾಕೆಟ್, ನೀರು ಹೋಗದ ಫ್ಯೂಸ್ ಹೋಲ್ಡರ್, 15 ಆಂಪ್ ಬ್ಲೇಡ್ ಫ್ಯೂಸ್, 30 ಆಂಪ್‌ನ ನಾಲ್ಕು ಪಿನ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), ಒಂದು ಫ್ಯೂಸ್ ಟ್ಯಾಪ್ (ಗಾಡಿಯ ಫ್ಯೂಸಿನ ಜಾಗದಿಂದ ಹೊಸ ವೈರ್ ತೆಗೆಯುವ ಸಾಧನ), ಕೆಂಪು ಕಪ್ಪು ಸೇರಿ ನಾಲ್ಕೈದು ಮೀಟರ್ 12 ಗೇಜ್ ವೈರ್, ಕ್ರಿಂಪ್ ಲಗ್‌ಗಳು, ಕಪ್ಪು ಸ್ಲೀವ್, ರಬ್ಬರ್ ಗ್ರಾಮೆಟ್. ವೈರ್ ಅಪ್ಪಟ ತಾಮ್ರದ್ದಾಗಿರಲಿ. ಅಗ್ಗಕ್ಕೆ ಸಿಗುವ ತಾಮ್ರದ ಲೇಪದ ಅಲ್ಯುಮಿನಿಯಂ ವೈರ್ ಹೆಚ್ಚು ಬಿಸಿಯಾಗುತ್ತದೆ, ಲಗ್ ಹತ್ತಿರ ಮುರಿಯುತ್ತದೆ.

ಐದು ಆಂಪ್ ಎಳೆಯುವ ಫ್ರಿಜ್‌ಗೆ 12 ಗೇಜ್ ಯಾಕೆ ಎಂದು ಕೇಳಬಹುದು. ಎರಡು ಮೀಟರ್ ದೂರಕ್ಕೆ ಹೋಗಿಬರುವ ವೈರ್ ನಾಲ್ಕು ಮೀಟರ್. 12 ಗೇಜ್‌ನಲ್ಲಿ ಪೂರಾ 15 ಆಂಪ್ ಎಳೆದರೂ ಸುಮಾರು 0.3 ವೋಲ್ಟ್ ಮಾತ್ರ ಇಳಿಯುತ್ತದೆ. ಅದಕ್ಕಿಂತ ತೆಳುವಾದ 18 ಗೇಜ್ ಹಾಕಿದರೆ 5 ಆಂಪ್‌ಗೇ 0.4 ವೋಲ್ಟ್ ಹೋಯಿತು. ಕಂಪ್ರೆಸರ್ ಶುರುವಾಗುವ ಗಳಿಗೆಯಲ್ಲಿ ಇನ್ನೂ ಕೆಳಗೆ ಬೀಳುತ್ತದೆ, ಫ್ರಿಜ್ ತನ್ನ ಬ್ಯಾಟರಿ ರಕ್ಷಣೆಯ ಮಿತಿ ತಲುಪಿತೆಂದುಕೊಂಡು ಆಫ್ ಆಗುತ್ತದೆ. ‘ಫ್ರಿಜ್ ಕೆಟ್ಟಿದೆ’ ಎಂಬ ದೂರುಗಳಲ್ಲಿ ಹಲವು ನಿಜಕ್ಕೂ ವೈರಿನ ದೂರುಗಳು.

ರಿಲೇಯ 30ನೇ ಪಿನ್‌ಗೆ ಬ್ಯಾಟರಿ ಪ್ಲಸ್ಸಿನಿಂದ ಫ್ಯೂಸ್ ಮೂಲಕ ವೈರ್ ಬರುತ್ತದೆ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲೇಬೇಕು. ಅದು ಕಾಯುವುದು ವೈರನ್ನು, ದೂರ ಇಟ್ಟರೆ ಅಲ್ಲಿಯವರೆಗಿನ ವೈರ್‌ಗೆ ರಕ್ಷಣೆಯೇ ಇಲ್ಲ. 87ನೇ ಪಿನ್‌ನಿಂದ ಸಾಕೆಟ್‌ಗೆ. 86ಕ್ಕೆ ಫ್ಯೂಸ್ ಟ್ಯಾಪ್‌ನಿಂದ ಸಣ್ಣ ವೈರ್, 85 ಬಾಡಿ ಅರ್ಥ್‌ಗೆ, ಅಂದರೆ ಗಾಡಿಯ ಲೋಹದ ಮೈಗೆ. ಸಾಕೆಟ್‌ನ ಮೈನಸ್ಸನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ ಕಟ್ಟಬೇಡಿ. ಅಲ್ಲಿ ಕರೆಂಟ್ ಅಳೆಯುವ ಸೆನ್ಸರ್ ಕೂತಿರುತ್ತದೆ. ಅದನ್ನು ದಾಟಿ ಕಟ್ಟಿದರೆ ನಿಮ್ಮ ಫ್ರಿಜ್ ಎಳೆದದ್ದು ಗಾಡಿಯ ಲೆಕ್ಕಕ್ಕೆ ಬರುವುದಿಲ್ಲ, ಬ್ಯಾಟರಿ ಎಷ್ಟು ತುಂಬಿದೆ ಎಂಬ ಅಂದಾಜು ತಪ್ಪುತ್ತದೆ. ಕಂಪನಿಯೇ ಕೊಟ್ಟಿರುವ ಅರ್ಥ್ ಬೋಲ್ಟ್ ಹುಡುಕಿ ಅಲ್ಲಿಗೆ ಕೊಡಿ.

ಫ್ಯೂಸ್ ಟ್ಯಾಪ್ ಹಾಕಲು ಗಾಡಿ ಮಲಗಿದಾಗ ಕರೆಂಟ್ ನಿಂತುಹೋಗುವ ಫ್ಯೂಸ್ ಬೇಕು. ಹುಡುಕುವಾಗ ಒಂದು ತೊಡಕು: ಬಾನೆಟ್ ತೆರೆದಿದ್ದರೆ ಗಾಡಿ ಮಲಗದೆ ಇರಬಹುದು. ಸ್ಕ್ರೂಡ್ರೈವರ್ ಮೊನೆಯಿಂದ ಬಾನೆಟ್ ಚಿಲಕವನ್ನು ‘ಟಕ್’ ಎನ್ನುವವರೆಗೆ ಒತ್ತಿ ಮುಚ್ಚಿದಂತೆ ಮಾಡಿ, ಬಾಗಿಲು ಲಾಕ್ ಮಾಡಿ, ಕೀಲಿ ದೂರ ಇಟ್ಟು ಅರ್ಧ ಗಂಟೆ ಬಿಟ್ಟು ಮಲ್ಟಿಮೀಟರ್‌ನಿಂದ ನೋಡಿ. ಮುಗಿದ ಮೇಲೆ ಕೀಲಿಯಿಂದ ಚಿಲಕ ಬಿಚ್ಚಿಯೇ ಬಾನೆಟ್ ಇಳಿಸಿ. ಮುಚ್ಚಿದ ಚಿಲಕದ ಮೇಲೆ ಬಾನೆಟ್ ಬಡಿದರೆ ಎರಡೂ ಹಾಳು. ಟ್ಯಾಪ್‌ಗೆ ದಿಕ್ಕುಂಟು: ಉಲ್ಟಾ ಹಾಕಿದರೂ ಕೆಲಸ ಮಾಡುತ್ತದೆ, ಆದರೆ ನಿಮ್ಮ ಲೋಡ್ ಕೂಡ ಹಳೆಯ ಫ್ಯೂಸಿನ ಮೂಲಕವೇ ಹೋಗುತ್ತದೆ.

ಹೊಸ ಗಾಡಿಗಳಲ್ಲಿ ಕೆಲವಕ್ಕೆ ಕೀಳುವ ಫ್ಯೂಸೇ ಇರುವುದಿಲ್ಲ, ಎಲ್ಲ ಎಲೆಕ್ಟ್ರಾನಿಕ್. ಹೆಚ್ಚುವರಿ ಕರೆಂಟ್ ಕಂಡರೆ ಗಾಡಿ ದೋಷ ತೋರಿಸುತ್ತದೆ. ಅಂಥದ್ದರಲ್ಲಿ ಟ್ಯಾಪ್ ಬಿಟ್ಟು ವೋಲ್ಟೇಜ್ ನೋಡಿ ಜೋಡಿಸುವ ರಿಲೇ ಬಳಸಿ. ಸಾಮಾನ್ಯವಾಗಿ 13.3 ವೋಲ್ಟ್‌ನಲ್ಲಿ ಜೋಡಿಸುತ್ತದೆ, 12.8ರಲ್ಲಿ ಬಿಡುತ್ತದೆ. ಇದು ಲೆಡ್-ಆಸಿಡ್ ಬ್ಯಾಟರಿಯ ಲೆಕ್ಕ, ಲಿಥಿಯಂಗೆ ಬೇರೆ. ತುಂಬಿದ ಬ್ಯಾಟರಿಗೆ ಕನ್ವರ್ಟರ್ ವೋಲ್ಟೇಜ್ ಇಳಿಸುವ ಗಾಡಿಗಳೂ ಇವೆ, ಅಲ್ಲಿ ಓಡುವಾಗಲೇ ರಿಲೇ ಬಿಟ್ಟುಬಿಡಬಹುದು. ಕೊಳ್ಳುವ ಮೊದಲು ಒಂದು ಸುತ್ತು ಓಡಿಸಿ ಅಳೆಯಿರಿ.

ಕೆಲಸ ಶುರುಮಾಡುವಾಗ ಬಾನೆಟ್ ತೆರೆದಿಟ್ಟೇ ಬ್ಯಾಟರಿಯ ಮೈನಸ್ ಬಿಚ್ಚಿ. ಚಿಲಕ ವಿದ್ಯುತ್ತಿನದ್ದಾದರೆ, ಬ್ಯಾಟರಿ ಬಿಚ್ಚಿ ಬಾನೆಟ್ ಮುಚ್ಚಿದವರು ಮುಂದಿನ ಬಂಪರ್‌ನಲ್ಲಿ ಚಿಲಕ ತೆರೆಯುವ ತುರ್ತು ವೈರ್ ಎಲ್ಲಿದೆಯೆಂದು ಹುಡುಕುತ್ತಾ ಕೂರಬೇಕಾಗುತ್ತದೆ. ಡಿಕ್ಕಿಯ ಪ್ಲಾಸ್ಟಿಕ್ ತೊಟ್ಟಿಯನ್ನು ಹೊರಗೆ ತೆಗೆದು ರಂಧ್ರ ಕೊರೆಯಿರಿ, ಕೂರಿಸಿದಲ್ಲೇ ಬೇಡ. ಕೆಳಗೆ ಏಸಿ ಪೈಪು, ಕೂಲೆಂಟ್ ಪೈಪು, ಹೈವೋಲ್ಟೇಜ್ ಕೇಬಲ್ ಇರುತ್ತವೆ. ಸಾಮಾನ್ಯ ಸಾಕೆಟ್‌ಗೆ 28ರಿಂದ 29 ಮಿಮೀ ಹೋಲ್ ಸಾ ಸಾಕು. ತೊಟ್ಟಿಯ ಪಕ್ಕದ ಗೋಡೆಯಲ್ಲಿ, ಮೇಲ್ಭಾಗದಲ್ಲಿ ಕೊರೆಯಿರಿ. ಐಸ್ ಕರಗಿದ ನೀರು ತಳದಲ್ಲಿ ನಿಲ್ಲುತ್ತದೆ.

ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬೇಡಿ, ನಿಮ್ಮ ವೈರನ್ನು ಅದಕ್ಕೆ ಕಟ್ಟಲೂಬೇಡಿ. ಚೆಂದ ಕಾಣುತ್ತದೆಂದು ಕಿತ್ತಳೆ ಸ್ಲೀವ್ ಹಾಕುವವರಿದ್ದಾರೆ, ಅಪಘಾತವಾದಾಗ ಬರುವ ರಕ್ಷಣಾ ಸಿಬ್ಬಂದಿಗೆ ಅದು ಹೈವೋಲ್ಟೇಜ್ ಎಂದೇ ಅರ್ಥ. ಹೈವೋಲ್ಟೇಜ್ ನಿಲ್ಲಿಸಲು ಅವರು ಕತ್ತರಿಸಬೇಕಾದ ವೈರ್ ಮುಂಭಾಗದಲ್ಲಿದ್ದರೆ ಅದರ ದಾರಿಗೂ, ಡಿಕ್ಕಿಯನ್ನು ಒಳಗಿನಿಂದ ತೆರೆಯುವ ಗುಂಡಿಗೂ ಏನೂ ಅಡ್ಡ ಬರಬಾರದು.

ಕೊನೆಗೆ ಫ್ರಿಜ್ ವಿಷಯ. ಡಿಕ್ಕಿಗೆ ಸುತ್ತಲೂ ರಬ್ಬರ್ ಬೀಡಿಂಗ್ ಇರುವುದರಿಂದ ಗಾಳಿ ಆಡುವುದಿಲ್ಲ. ಕಂಪ್ರೆಸರ್ ಹೊರಹಾಕಿದ ಬಿಸಿ ಅಲ್ಲೇ ಸುತ್ತುತ್ತದೆ, ಫ್ರಿಜ್ ಬಿಡುವಿಲ್ಲದೆ ಓಡುತ್ತದೆ. ಟೆಕ್ಸಾಸ್ ಬೇಸಿಗೆಯಲ್ಲಿ ಹಿಂದಿನ ರಾತ್ರಿಯೇ ಮನೆಯ ಕರೆಂಟಿನಲ್ಲಿ ತಣ್ಣಗಾಗಿಸಿ ಇಡಿ, ಫ್ರಿಜ್ಜಿನ ಗಾಳಿಕಂಡಿಯ ಕಡೆ ನಾಲ್ಕು ಬೆರಳು ಜಾಗ ಬಿಡಿ, ನಿಂತಾಗ ಬಾನೆಟ್ ಎತ್ತಿ.

ಪ್ರಶ್ನೆ: ಅದೇ ಜಾಗಕ್ಕೆ ಇನ್ವರ್ಟರ್ ಹಾಕಿ 120 ವೋಲ್ಟ್ ತೆಗೆದರೆ ನೀರಿನ ಕೆಟಲ್ ನಡೆಯುವುದಿಲ್ಲವೇ? – ಇನ್ನೊಬ್ಬ ಓದುಗರು, ಅಮೆರಿಕ

ಉತ್ತರ: ಲೆಕ್ಕ ಹಾಕಿ ನೋಡಿ. ಕೆಟಲ್ 1,500 ವ್ಯಾಟ್. ಇನ್ವರ್ಟರ್ ದಕ್ಷತೆ 88 ಶೇಕಡ ಎಂದರೂ 13 ವೋಲ್ಟ್‌ನಲ್ಲಿ 130 ಆಂಪ್ ಎಳೆಯುತ್ತದೆ. ಅದಕ್ಕೆ ಹೆಬ್ಬೆರಳು ಗಾತ್ರದ ಕೇಬಲ್ ಬೇಕು. ಗಾಡಿಯ ಫ್ಯಾನು, ಪಂಪು, ಸ್ಟೀರಿಂಗಿಗೆಂದು ಇರುವ ಕನ್ವರ್ಟರ್ ಮೇಲೆ ಇಷ್ಟು ಹೊರೆ ಹೇರುವುದನ್ನು ನಾವು ಒಪ್ಪುವುದಿಲ್ಲ. ಮೇಲೆ ಹೇಳಿದ 15 ಆಂಪ್ ಸಾಕೆಟ್‌ಗೆ 120 ವ್ಯಾಟ್‌ವರೆಗಿನ ಇನ್ವರ್ಟರ್ ಸರಿ. ಲ್ಯಾಪ್‌ಟಾಪ್‌ಗಾದರೆ ಅದೂ ಬೇಡ, ಯುಎಸ್‌ಬಿ-ಸಿ ಸಾಕೆಟ್ ಸಾಕು. ಫೋರ್ಡ್ ಎಫ್-150 ಲೈಟ್ನಿಂಗ್‌ನ ಮುಂದಿನ ಡಿಕ್ಕಿಯಲ್ಲಿ 120 ವೋಲ್ಟ್‌ನ ನಾಲ್ಕು ಪಾಯಿಂಟ್ ಕಾರ್ಖಾನೆಯಿಂದಲೇ ಬಂದಿರುತ್ತವೆ, ನಾಲ್ಕೂ ಸೇರಿ 2.4 ಕಿಲೋವ್ಯಾಟ್. ಆ ಕರೆಂಟ್ ಬರುವುದು ದೊಡ್ಡ ಬ್ಯಾಟರಿಯಿಂದ, ಸಣ್ಣದರಿಂದಲ್ಲ. ಕೆಟಲ್ ಅಂಥ ಪಾಯಿಂಟ್‌ಗೆ ಮಾತ್ರ. ನಿಮ್ಮ ಟ್ರಕ್‌ನ ಹಿಂದಿನ ತೊಟ್ಟಿಯಲ್ಲಿ ಪಾಯಿಂಟ್ ಇದ್ದರೆ ನೀರನ್ನು ಅಲ್ಲೇ ಕಾಯಿಸಿ.

ಪ್ರಶ್ನೆ: ನನ್ನದು ಎಲೆಕ್ಟ್ರಿಕ್ ಕಾರು. ಮುಂದಿನ ಡಿಕ್ಕಿಗೆ ಸಾಕೆಟ್ ಕೇಳಿದರೆ, ಹೆಡ್‌ಲೈಟ್ ವೈರ್ ಸುಲಿದು ಜೋಡಿಸಿಕೊಡುತ್ತೇವೆ ಎನ್ನುತ್ತಾರೆ ಆಕ್ಸೆಸರಿ ಅಂಗಡಿಯವರು. ಸರಿಯೇ? – ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ಆ ವೈರ್ ಹೆಡ್‌ಲೈಟಿನ ಲೆಕ್ಕಕ್ಕೆ ಹಾಕಿದ್ದು. ಸುಲಿದು ಟೇಪ್ ಸುತ್ತಿದ ಜಾಗಕ್ಕೆ ಮೊದಲ ಮಳೆಗಾಲದಲ್ಲೇ ನೀರು ಇಳಿದು ಹಸಿರು ಕಟ್ಟುತ್ತದೆ. ವೈರ್ ಕತ್ತರಿಸಿದ್ದು ಕಂಡರೆ ವಾರಂಟಿಗೂ ತಕರಾರು. ಮಹೀಂದ್ರ ಎಕ್ಸ್‌ಇವಿ 9ಇ ತರಹ 150 ಲೀಟರ್ ಜಾಗವಿದ್ದರೆ ಮೇಲಿನ ವಿಧಾನವನ್ನೇ ಅನುಸರಿಸಿ. 12 ಗೇಜ್ ಬದಲು ಇಲ್ಲಿನ ಅಂಗಡಿಯಲ್ಲಿ 4 ಚದರ ಮಿಮೀ ಆಟೊ ವೈರ್ ಎಂದು ಕೇಳಿ. ಟಾಟಾ ಪಂಚ್ ಇವಿಯ 14 ಲೀಟರ್‌ಗೆ ಇಷ್ಟು ಖರ್ಚು ದಂಡ. ಟೈರಿಗೆ ಗಾಳಿ ಹಾಕುವ ಪಂಪಿಗಾದರೆ ಕ್ಯಾಬಿನ್‌ನ ಸಾಕೆಟ್‌ನಿಂದ ಉದ್ದ ವೈರ್ ಎಳೆದರೆ ಆಯಿತು, ಪಂಪು ಎಳೆಯುವ ಆಂಪ್ ಆ ಸಾಕೆಟ್‌ನ ಮೇಲೆ ಬರೆದದ್ದಕ್ಕಿಂತ ಕಡಿಮೆ ಇರಲಿ.