ಮೊದಲ ಕಂತು ಮಾತ್ರೆಗೆ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. 34 ವರ್ಷ, ಕೈ ಕೀಲುಗಳಿಗೆ ರುಮಟಾಯ್ಡ್ ಆರ್ಥ್ರೈಟಿಸ್, ತಲೆ ಮೇಲೆ ಮೂರು ಸಾಲ, ಎರಡು ಚಿಕ್ಕ ಮಕ್ಕಳು. ಕೆಲಸ ಬಿಟ್ಟರೆ ಸಾಲ ಕಟ್ಟೋದು ಹೇಗೆ, ಬಿಡದಿದ್ದರೆ ಮೈ ಉಳಿಯೋದು ಹೇಗೆ ಅಂತ ಕೇಳಿದ್ದೀರಿ. ನಾನು ಡಾಕ್ಟರೂ ಅಲ್ಲ, ಬ್ಯಾಂಕಿನವಳೂ ಅಲ್ಲ. ದಾವಣಗೆರೆಯ ಒಂದು ಜವಳಿ ಅಂಗಡಿಯಲ್ಲಿ ಬಿಲ್ ಮಾಡುವವಳು. ವಯಸ್ಸು 46. ಇದೇ ಕಾಯಿಲೆ 2019ರಿಂದ ಇದೆ. ಸಾಲ ಅದಕ್ಕಿಂತ ಹಳೆಯದು.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ನೀವು ಬರೆದಿರುವ ಒಂದು ಸಾಲು, 'ಈ ತಿಂಗಳು ಮಾತ್ರೆ ಬಿಟ್ಟು ಕಂತು ಕಟ್ಟಿದೆ' ಅನ್ನೋದು, ನನ್ನದೇ ಕಥೆ.

2020ರಲ್ಲಿ ಲಾಕ್‌ಡೌನ್ ಆಗಿ ಅಂಗಡಿ ಮುಚ್ಚಿತು. ನಮ್ಮನೆಯವರದು ಲಗೇಜ್ ಆಟೋ, ಅದೂ ನಿಂತಿತು. ಆಗ ನಾನು ತಗೊಳ್ತಿದ್ದ ಮಾತ್ರೆಗಳಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಒಂದು. ನೆನಪಿರಬಹುದು, ಅದೇ ಕೊರೊನಾಕ್ಕೆ ಔಷಧಿ ಅಂತ ಸುದ್ದಿ ಹಬ್ಬಿ ಮೆಡಿಕಲ್ ಶಾಪಿನಲ್ಲಿ ಸಿಗದಂತಾಯಿತು. ಸಿಗದ ಮಾತ್ರೆ ಹೇಗೂ ಇಲ್ಲ, ಸಿಗುವ ಮಾತ್ರೆಯನ್ನೂ ಎರಡು ತಿಂಗಳು ಬಿಡೋಣ ಅಂತ ನಾನೇ ತೀರ್ಮಾನ ಮಾಡಿದೆ. ಉಳಿದದ್ದು ಸುಮಾರು 1,400 ರೂಪಾಯಿ. ಅದನ್ನು ಕೈಸಾಲದ ಬಡ್ಡಿಗೆ ಕೊಟ್ಟೆ. ಜಾಣತನ ಅಂದುಕೊಂಡಿದ್ದೆ.

ಮೂರು ವಾರ ಏನೂ ಆಗಲಿಲ್ಲ. ಈ ಕಾಯಿಲೆಯ ಮೋಸ ಇರೋದೇ ಇಲ್ಲಿ. ನಮ್ಮ ಮೈಯ ಕಾವಲು ಪಡೆಯೇ ತಪ್ಪು ತಿಳಿದು ಕೀಲುಗಳ ಮೇಲೆ ಬೀಳುವ ಕಾಯಿಲೆ ಇದು. ಮೆಥೋಟ್ರೆಕ್ಸೇಟ್‌ನಂಥ ಮಾತ್ರೆ ಆ ಪಡೆಯನ್ನು ನಿಧಾನವಾಗಿ ತಣ್ಣಗೆ ಮಾಡುತ್ತದೆ. ಕೆಲಸ ಶುರು ಮಾಡಲು ವಾರಗಟ್ಟಲೆ ಬೇಕು, ಬಿಟ್ಟರೂ ಪರಿಣಾಮ ಕಾಣಲು ವಾರಗಟ್ಟಲೆ ಬೇಕು. ಹಾಗಾಗಿ ಮಾತ್ರೆ ಬಿಟ್ಟ ಮರುದಿನ ಏನೂ ಆಗುವುದಿಲ್ಲ. ಕಂತು ಬಿಟ್ಟ ಮರುದಿನ ಮಾತ್ರ ಮನೆ ಮುಂದೆ ವಸೂಲಿಯವರ ಬೈಕ್ ಬಂದು ನಿಲ್ಲುತ್ತದೆ. ಯಾವುದು ಮೊದಲು ಹೆದರಿಸುತ್ತದೋ ಅದಕ್ಕೇ ದುಡ್ಡು ಹೋಗುತ್ತದೆ, ಅಲ್ವಾ?

ಎರಡನೇ ತಿಂಗಳ ಕೊನೆಗೆ ಬಲಗೈ ಮಣಿಕಟ್ಟು ಊದಿಕೊಂಡು ಬಾಚಣಿಗೆ ಹಿಡಿಯಲು ಆಗಲಿಲ್ಲ. ಅಂಗಡಿ ಬಾಗಿಲು ತೆಗೆದಿತ್ತು, ನಾನು ಮೂರು ವಾರ ಹೋಗಲಿಲ್ಲ. 14,400 ಸಂಬಳದಲ್ಲಿ ಹತ್ತು ಸಾವಿರ ಹೋಯಿತು. ಮೇಲೆ ರಕ್ತ ಪರೀಕ್ಷೆ, ಸ್ಟೀರಾಯ್ಡ್. ಅದರ ಜೊತೆ, ಮೆಡಿಕಲ್ ಶಾಪಿನಲ್ಲಿ ಕೇಳಿ ಕೇಳಿ ತಿಂದ ನೋವಿನ ಗುಳಿಗೆಗೆ ಡಾಕ್ಟರ ಹತ್ತಿರ ಬೈಸಿಕೊಂಡೆ. ಹೊಟ್ಟೆಗೂ ಕಿಡ್ನಿಗೂ ಅದು ಒಳ್ಳೆಯದಲ್ಲ. 1,400 ಉಳಿಸಲು ಹೋಗಿ ಎಷ್ಟು ಕಳೆದೆ ಅಂತ ಆವತ್ತು ಕ್ಯಾಲೆಂಡರ್ ಹಿಂದೆ ಬರೆದಿಟ್ಟೆ. ಆ ಹಾಳೆ ಇನ್ನೂ ಇದೆ.

ಅಂದಿನಿಂದ ಸಂಬಳ ಬಂದ ದಿನ ಮೊದಲು ಹೋಗುವುದು ಮಾತ್ರೆಯ ದುಡ್ಡು. ಅಕ್ಕಿಗಿಂತ ಮೊದಲು, ಸಂಘಕ್ಕಿಂತ ಮೊದಲು. ಅದೂ ಒಂದು ಕಂತೇ ಅಂದುಕೊಂಡಿದ್ದೇನೆ. ಜನೌಷಧಿ ಕೇಂದ್ರ ಹತ್ತಿರ ಇದ್ದರೆ ಡಾಕ್ಟರಿಗೆ ಹೇಳಿ ಚೀಟಿಯಲ್ಲಿ ಕಂಪನಿ ಹೆಸರಿನ ಬದಲು ಔಷಧಿಯ ಹೆಸರು ಬರೆಸಿಕೊಳ್ಳಿ, ಬೆಲೆಯಲ್ಲಿ ತುಂಬಾ ವ್ಯತ್ಯಾಸ ಇದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತಗೊಳ್ಳುವ ಮಾತ್ರೆ. ದಿನಾ ತಗೊಂಡರೆ ಜೀವಕ್ಕೇ ಅಪಾಯ. ನಮ್ಮ ಅತ್ತೆ ಒಂದು ಮಂಗಳವಾರ, 'ನಿನ್ನೆ ಮರೆತಿದ್ದೀಯ' ಅಂತ ನೀರಿನ ಲೋಟದ ಜೊತೆ ಅದೇ ಮಾತ್ರೆ ತಂದು ಕೊಟ್ಟರು. ಪ್ರೀತಿಯಿಂದಲೇ. ಅವತ್ತೇ ಸ್ಟ್ರಿಪ್ ಮೇಲೆ ಮಾರ್ಕರ್‌ನಲ್ಲಿ ವಾರದ ಹೆಸರು ಬರೆದು ಬೇರೆ ಡಬ್ಬಿಗೆ ಹಾಕಿದೆ.

ಈಗ ಸಾಲದ ವಿಷಯ. 2021ರಲ್ಲಿ ನನ್ನ ಲೆಕ್ಕ ಹೀಗಿತ್ತು. ಪರಿಚಯದವರ ಹತ್ತಿರ 40,000 ಕೈಸಾಲ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಬ್ಯಾಂಕಿನಲ್ಲಿ ಎರಡು ಬಳೆ ಅಡ ಇಟ್ಟು ತಂದ 80,000. ಗುಂಪಿನ ಸಾಲ 50,000, ವಾರಕ್ಕೆ 1,080 ಕಂತು. ಮೂರು ರೂಪಾಯಿ ಬಡ್ಡಿ ಅಂದರೆ ಚಿಕ್ಕದಾಗಿ ಕೇಳಿಸುತ್ತದೆ. ವರ್ಷಕ್ಕೆ ನೂರಕ್ಕೆ 36. ಬ್ಯಾಂಕಿನ ಚಿನ್ನದ ಸಾಲ 9ರ ಹತ್ತಿರ ಇತ್ತು. ಆದರೆ ನನಗೆ ನಿದ್ದೆ ಕೆಡಿಸುತ್ತಿದ್ದದ್ದು ಬ್ಯಾಂಕು. ಬಳೆ ಹರಾಜಾಗುತ್ತದೆ ಅನ್ನೋ ಭಯ. ಕೈಸಾಲ ಕೊಟ್ಟವರು ನೆಂಟರ ಪೈಕಿ, ನಗುತ್ತಾ ಮಾತಾಡುತ್ತಿದ್ದರು. ತಿಂಗಳಿಗೆ 1,200 ಸುಮ್ನೆ ಬಡ್ಡಿಗೇ ಹೋಗುತ್ತಿತ್ತು, ಅಸಲು ಒಂದು ರೂಪಾಯಿ ಕರಗಿರಲಿಲ್ಲ.

ಬಳೆ ಮಾರೋಣ ಅಂದದ್ದು ನಮ್ಮನೆಯವರು. ನಾನು ಎರಡು ದಿನ ಮಾತು ಬಿಟ್ಟೆ. ತವರಿನಲ್ಲಿ ಹಾಕಿದ್ದ ಬಳೆ. ಕೊನೆಗೆ ಒಪ್ಪಿಸಿದ್ದು ಅವರ ವಾದ ಅಲ್ಲ, ನನ್ನ ಕೈ. ಬಡ್ಡಿ ಕಟ್ಟಿ ಅಡ ಮುಂದುವರಿಸಲು ಬ್ಯಾಂಕಿಗೆ ಹೋದಾಗ ಅಲ್ಲಿಯವರು ಬಳೆ ತೆಗೆದು ಮೇಜಿನ ಮೇಲೆ ಇಟ್ಟರು. ಸುಮ್ನೆ ಒಂದನ್ನು ಹಾಕಿಕೊಂಡು ನೋಡಿದೆ. ಬೆರಳಿನ ಗೆಣ್ಣು ದಾಟಲಿಲ್ಲ. ಸೋಪು ಹಚ್ಚಿದರೂ ದಾಟುತ್ತಿರಲಿಲ್ಲ ಬಿಡಿ. ಕೈಗೆ ಏರದ ಬಳೆಗೆ ಬಡ್ಡಿ ಕಟ್ಟುತ್ತಿದ್ದೇನೆ ಅನ್ನಿಸಿತು.

ಅಡದಲ್ಲಿರುವ ಚಿನ್ನ ಮಾರೋದು ಹೇಗೆ ಅಂತ ಗೊತ್ತಿಲ್ಲದವರಿಗೆ: ನಮ್ಮ ಮಾಲೀಕರಿಗೆ ಪರಿಚಯದ ಚಿನ್ನದಂಗಡಿಯವರು ಒಬ್ಬ ಹುಡುಗನ ಕೈಲಿ ದುಡ್ಡು ಕೊಟ್ಟು ಬ್ಯಾಂಕಿಗೆ ಕಳಿಸಿದರು. ಸಾಲ ತೀರಿಸಿ, ಬಳೆ ಬಿಡಿಸಿ, ನೇರ ಅಂಗಡಿಗೆ ಹೋಗಿ ತೂಕ. ಎರಡೂ ಸೇರಿ 30 ಗ್ರಾಂ. 1,28,000 ಬಂತು. ಬ್ಯಾಂಕಿಗೆ ಬಡ್ಡಿ ಸೇರಿ 84,000, ಕೈಸಾಲಕ್ಕೆ ಆ ತಿಂಗಳ ಬಡ್ಡಿ ಸೇರಿ 41,200. ಉಳಿದದ್ದು 2,800. ಮಗಳಿಗೆ ಬೆಣ್ಣೆ ದೋಸೆ ಕೊಡಿಸಿ ಮನೆಗೆ ಬಂದೆವು.

ಈಗಿನ ಚಿನ್ನದ ರೇಟು ನೋಡಿ ನಮ್ಮ ಅತ್ತಿಗೆ ಇವತ್ತಿಗೂ ಹೊಟ್ಟೆ ಉರಿಸುತ್ತಾರೆ. ಆಗಿನ ಎರಡು ಪಟ್ಟಿಗಿಂತ ಜಾಸ್ತಿ ಆಗಿದೆ, ನಿಜ. ನನಗೂ ಒಮ್ಮೊಮ್ಮೆ ಚುರುಕ್ ಅನ್ನುತ್ತದೆ. ಎಲ್ಲರೂ ಮಾರಿ ಅಂತ ಹೇಳಲಾರೆ. ಆದರೆ ಆ ವರ್ಷ ನನಗೆ ಬೇಕಿದ್ದದ್ದು ಐದು ವರ್ಷದ ಮೇಲಿನ ಲಾಭ ಅಲ್ಲ, ತಿಂಗಳಿಗೆ 1,800 ಬಡ್ಡಿ ನಿಲ್ಲೋದು. ನೀವು ಚಿನ್ನ ಇಟ್ಟಿದ್ದೀರೋ ಇಲ್ಲವೋ ಬರೆದಿಲ್ಲ. ಇಟ್ಟಿದ್ದರೆ, ಎಲ್ಲ ಬಿಡಿ, ಒಂದನ್ನಾದರೂ ಮಾರಿ ಜಾಸ್ತಿ ಬಡ್ಡಿಯ ಸಾಲ ತೀರುತ್ತದಾ ನೋಡಿ.

ಗುಂಪಿನ ಸಾಲದ್ದು ಬೇರೆ ಗೋಳು. ವಸೂಲಿಗೆ ಬರುತ್ತಿದ್ದ ಹುಡುಗ ಒಂದು ಸಲ ರಾತ್ರಿ ಎಂಟರವರೆಗೆ ನಮ್ಮ ಕಟ್ಟೆ ಮೇಲೆ ಕೂತಿದ್ದ. ಮಗಳು ಒಳಗೆ ಪರೀಕ್ಷೆಗೆ ಓದುತ್ತಿದ್ದಳು. ಬಾಗಿಲು ಹಾಕಲೂ ಆಗದು, ತೆಗೆದಿಡಲೂ ಆಗದು. ಆಮೇಲೆ ಗೊತ್ತಾಯಿತು, ಮೈಕ್ರೋಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ವಸೂಲಿಗೆ ಫೋನ್ ಮಾಡಿ ಕಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಮನೆಯ ತಿಂಗಳ ಆದಾಯದಲ್ಲಿ ಎಲ್ಲ ಕಂತೂ ಸೇರಿ ಅರ್ಧ ದಾಟುವಂತೆ ಸಾಲ ಕೊಡಲೂಬಾರದು. ನೋಂದಣಿ ಇಲ್ಲದೆ ಬಡ್ಡಿ ವ್ಯವಹಾರ ಮಾಡಿ ಕಿರುಕುಳ ಕೊಡುವವರ ಮೇಲೆ ನಮ್ಮ ರಾಜ್ಯದಲ್ಲೇ 2025ರಲ್ಲಿ ಕಾನೂನು ಬಂದಿದೆ, ಹತ್ತು ವರ್ಷದವರೆಗೆ ಜೈಲು. ಜಗಳಕ್ಕೆ ಅಲ್ಲ, ಗೊತ್ತಿದ್ದರೆ ದನಿ ನಡುಗುವುದಿಲ್ಲ. ನಾನು ಮುಂದಿನ ವಾರ ಆ ಹುಡುಗನಿಗೆ, 'ಹಗಲು ಬಾಪ್ಪಾ, ಕಂತು ತಪ್ಪಿಸಲ್ಲ, ರಾತ್ರಿ ಕೂರಬೇಡ' ಅಂದೆ. ಆಮೇಲೆ ರಾತ್ರಿ ಬರಲಿಲ್ಲ.

ಇನ್ನು ನೀವು ಕೇಳಿದ ಕೆಲಸದ ಪ್ರಶ್ನೆ. ಬಿಡಬೇಡಿ, ಬಿಡುವ ಮೊದಲು ಹೇಳಿ. ನಾನು ಒಂದು ವರ್ಷ ಕಾಯಿಲೆ ಮುಚ್ಚಿಟ್ಟೆ. ಬೆಳಿಗ್ಗೆ ಒಂಬತ್ತೂವರೆಗೆ ಶಟರ್ ಎತ್ತಬೇಕು, ಬಟ್ಟೆಯ ತಾನುಗಳನ್ನು ಇಳಿಸಿ ಹರವಬೇಕು. ಎದ್ದ ಮೇಲೆ ಎರಡು ತಾಸು ನನ್ನ ಬೆರಳು ಮಡಚುತ್ತಲೇ ಇರಲಿಲ್ಲ. ಶಟರ್ ಕೊಕ್ಕೆಗೆ ಮೊಣಕೈ ಕೊಟ್ಟು ಎತ್ತುತ್ತಿದ್ದೆ. ಒಂದು ದಿನ ಮಾಲೀಕರು ನೋಡಿ ಏನಿದು ಅಂತ ಕೇಳಿದರು. ಹೇಳಿದೆ. 'ಮೊದಲೇ ಹೇಳಬಾರದಿತ್ತೇನಮ್ಮ' ಅಂದರು. ಶಟರ್ ಹುಡುಗರಿಗೆ ಹೋಯಿತು, ನಾನು ಬಿಲ್ ಕೌಂಟರಿಗೆ. ಹತ್ತೂವರೆಗೆ ಬರೋದು, ರಾತ್ರಿ ಲೆಕ್ಕ ಮುಗಿಸಿ ಹೋಗೋದು. ಮದುವೆ ಸೀಸನ್‌ನಲ್ಲಿ ಮಾತ್ರ ಯಾವ ವಿನಾಯಿತಿಯೂ ಇಲ್ಲ. ಎಲ್ಲ ಮಾಲೀಕರೂ ಹೀಗೆ ಇರುವುದಿಲ್ಲ, ಗೊತ್ತು. ಆದರೂ 'ನನಗೆ ಕಾಯಿಲೆ' ಅನ್ನುವುದರ ಬದಲು 'ಇದು ಆಗಲ್ಲ, ಇದು ಆಗುತ್ತೆ, ಈ ಹೊತ್ತಿಗೆ ಬರುತ್ತೇನೆ' ಅಂತ ಕೇಳಿದರೆ ಉತ್ತರ ಕೊಡೋದು ಅವರಿಗೂ ಸುಲಭ.

ಅಂಗಡಿಯ ಲೆಕ್ಕ ನೋಡಲು ಬರುವವರೇ ನನ್ನ ಇನ್ನೊಂದು ದಡ್ಡತನ ತೋರಿಸಿದರು. ಸಂಬಳದ ಚೀಟಿಯಲ್ಲಿ ತಿಂಗಳಿಗೆ 108 ರೂಪಾಯಿ ಇಎಸ್‌ಐ ಅಂತ ಕಡಿತ ಆಗುತ್ತಿತ್ತು. ಅದೇನೋ ಟ್ಯಾಕ್ಸ್ ಅಂದುಕೊಂಡಿದ್ದೆ! ಅದು ಕೆಲಸಗಾರರಿಗೆ ಇರುವ ಸರ್ಕಾರದ ವಿಮೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸಕ್ಕಿದ್ದು, ಸಂಬಳ 21,000 ಒಳಗಿದ್ದರೆ ಅನ್ವಯಿಸುತ್ತದೆ. ನಮ್ಮಿಂದ ನೂರಕ್ಕೆ ಮುಕ್ಕಾಲು, ಮಾಲೀಕರಿಂದ ಮೂರೂಕಾಲು. ಚಿಕಿತ್ಸೆ, ಮಾತ್ರೆ ಇಎಸ್‌ಐ ಆಸ್ಪತ್ರೆಯಲ್ಲಿ ಉಚಿತ, ಮನೆಯವರಿಗೂ. ಅದಕ್ಕಿಂತ ಮುಖ್ಯ, ಇಎಸ್‌ಐ ಕಂತು ಸರಿಯಾಗಿ ಕಟ್ಟಿದ್ದರೆ ಕಾಯಿಲೆಗೆ ರಜೆ ಹಾಕಿದ ದಿನಗಳಿಗೆ ಸಂಬಳದ ನೂರಕ್ಕೆ 70 ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಆ ಮೂರು ವಾರ ನೆನೆಸಿಕೊಂಡು ಹಣೆ ಚಚ್ಚಿಕೊಂಡೆ. ಆಯುಷ್ಮಾನ್ ಕಾರ್ಡ್ ಬಗ್ಗೆಯೂ ಕೇಳಿದ್ದೀರಿ. ಅದು ಆಸ್ಪತ್ರೆಗೆ ಸೇರಿದಾಗ ಆಗುತ್ತದೆ. ತಿಂಗಳು ತಿಂಗಳು ಮಾತ್ರೆ ತಿನ್ನುವ ನಮ್ಮಂಥ ಕಾಯಿಲೆಗೆ ಅದನ್ನೇ ನಂಬಿ ಕೂರಬೇಡಿ.

ಮನೆ ವಿಷಯ ಹೇಳೋದೇ ಕಷ್ಟ, ಯಾಕಂದರೆ ಅಲ್ಲಿ ಮಾಲೀಕರಿಲ್ಲ, ಎಲ್ಲ ನಮ್ಮವರೇ. ನಮ್ಮ ಕಡೆ ರೊಟ್ಟಿ ಬಡಿಯದ ಸೊಸೆ ಅಂದರೆ ಒಂದು ಥರ ನೋಡುತ್ತಾರೆ. ಜೋಳದ ಹಿಟ್ಟು ನಾದುವಾಗ ಅಂಗೈ ಬುಡಕ್ಕೆ ಬೀಳುವ ಭಾರ ಇದೆಯಲ್ಲ, ಆಮೇಲೆ ಪಟಪಟ ಬಡಿಯೋದು, ಅದು ನನ್ನ ಮಣಿಕಟ್ಟಿಗೆ ಆಗುವುದೇ ಇಲ್ಲ. ಆದರೂ ಎರಡು ವರ್ಷ ಬಡಿದೆ. ರಾತ್ರಿ ಬಿಸಿನೀರಲ್ಲಿ ಕೈ ಅದ್ದಿ ಕೂತು ಅಳುತ್ತಿದ್ದೆ. ಈಗ ಹಿಂದಿನ ಓಣಿಯ ಒಬ್ಬರ ಹತ್ತಿರ ವಾರಕ್ಕಾಗುವಷ್ಟು ಖಡಕ್ ರೊಟ್ಟಿ ತರಿಸುತ್ತೇವೆ. ಸಾಲ ಇಟ್ಟುಕೊಂಡು ರೊಟ್ಟಿ ಕೊಂಡು ತಿನ್ನುತ್ತಾರೆ ಅಂತ ಮಾತು ಬಂತು. ಬರಲಿ. ಆ ಕೈಯಿಂದಲೇ ಕಂತು ಹೋಗಬೇಕಲ್ಲ. ಹಾಲಿನ ಪ್ಯಾಕೆಟ್‌ಗೆ ಕತ್ತರಿ, ಐದು ಲೀಟರ್ ಬದಲು ಎರಡು ಲೀಟರ್ ಕುಕ್ಕರ್, ಬಟ್ಟೆ ಹಿಂಡೋದು ನಮ್ಮನೆಯವರು. ಗೃಹಲಕ್ಷ್ಮಿಯ 2,000 ಅತ್ತೆಯ ಖಾತೆಗೆ ಬರುತ್ತದೆ. ಅದರಲ್ಲಿ ರೊಟ್ಟಿಯ ದುಡ್ಡು ಕೊಡುವವರು ಅವರೇ. ಈ ಮಾತು ಬರೆದೆ ಅಂತ ಗೊತ್ತಾದರೆ ಬೈತಾರೆ.

ಕ್ಯಾಲೆಂಡರ್ ಅಂದೆನಲ್ಲ, ಅದನ್ನು ಹೇಳಿ ಮುಗಿಸುತ್ತೇನೆ. ಮೊದಲು ಭಾನುವಾರ ರಾತ್ರಿ ವಾರದ ಮಾತ್ರೆ ತಗೊಳ್ಳುತ್ತಿದ್ದೆ. ಮರುದಿನ ಹೊಟ್ಟೆ ತೊಳಸು, ತಲೆ ಭಾರ. ಗುಂಪಿನ ಮೀಟಿಂಗ್ ಸೋಮವಾರ ಬೆಳಿಗ್ಗೆ. ಪ್ರತಿ ಸೋಮವಾರ ಎದ್ದರೆ ಅಳು, ಕಂತು ಕಟ್ಟಲು ಹೋದರೆ ವಾಂತಿ. ಸಾಲದ ಭಯಕ್ಕೇ ಹೀಗಾಗುತ್ತಿದೆ ಅಂದುಕೊಂಡಿದ್ದೆ. ಒಂದೇ ಹಾಳೆಯಲ್ಲಿ ಮಾತ್ರೆಯ ದಿನಕ್ಕೆ ಗುಂಡು ಸುತ್ತಿ, ಕಂತಿನ ದಿನಕ್ಕೆ ಕೆಂಪು ಗೆರೆ ಹಾಕಿದ ಮೇಲೆ ಕಂಡಿತು, ಎರಡೂ ಅಕ್ಕಪಕ್ಕ ಕೂತಿದ್ದವು. ಡಾಕ್ಟರನ್ನು ಕೇಳಿ ಮಾತ್ರೆಯನ್ನು ಶನಿವಾರ ರಾತ್ರಿಗೆ ಬದಲಿಸಿದೆ. ಈಗ ಭಾನುವಾರ ನಾನು ಯಾರಿಗೂ ಇಲ್ಲ, ಮಲಗಿರುತ್ತೇನೆ. ಸೋಮವಾರ ನಡೆದುಕೊಂಡೇ ಮೀಟಿಂಗಿಗೆ ಹೋಗುತ್ತೇನೆ. ಮೂರು ತಿಂಗಳಿಗೊಮ್ಮೆಯ ಲಿವರ್ ಪರೀಕ್ಷೆ, ವರ್ಷಕ್ಕೊಮ್ಮೆಯ ಕಣ್ಣಿನ ಪರೀಕ್ಷೆ, ಮಗಳ ಫೀಸು, ಆಟೋದ ಇನ್ಶೂರೆನ್ಸ್, ಎಲ್ಲ ಅದೇ ಹಾಳೆಯಲ್ಲಿ.

ಹಳೇ ಗುಂಪಿನ ಸಾಲ ತೀರಿದೆ. ಮಗಳ ಪಿಯುಸಿಗೆ ಅಂತ ಮತ್ತೊಂದು ತಗೊಂಡೆ, ಇನ್ನೂ ಹನ್ನೊಂದು ಕಂತು ಬಾಕಿ.

ನೀವು ಮೂರು ಸಾಲ ಅಂದಿರಿ, ಯಾವುದಕ್ಕೆ ಎಷ್ಟು ಬಡ್ಡಿ ಬರೆದಿಲ್ಲ. ಬರೆಯಿರಿ, ಕೂತು ಲೆಕ್ಕ ಹಾಕೋಣ. ನಿಮ್ಮ ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಇದೆಯಾ ಅದನ್ನೂ ನೋಡಿ ಹೇಳಿ. ಇವತ್ತು ಶನಿವಾರ, ಹಾಗಾಗಿ ನಾಳೆ ನನ್ನಿಂದ ಉತ್ತರ ಬರುವುದಿಲ್ಲ. ಸೋಮವಾರ ಮೀಟಿಂಗ್ ಮುಗಿಸಿ ಬಂದು ನೋಡುತ್ತೇನೆ.