ಕ್ರೂಸ್ ಹಡಗು ಐರ್ಲೆಂಡಿನ ಕೋವ್ ಬಂದರಿನಲ್ಲಿ ಒಂದು ಹಗಲು ನಿಂತಾಗ ಡಿಸ್ಟಿಲರಿ, ಬ್ರೂವರಿ ಎರಡನ್ನೂ ನಾವೇ ಹೋಗಿ ನೋಡಿ ಬರಬಹುದೇ?

ನಿಮ್ಮ ಲೆಕ್ಕ ಹೀಗಿದೆ: ಸೌತಾಂಪ್ಟನ್‌ನಿಂದ ಹೊರಟ ಹಡಗು ಬೆಳಿಗ್ಗೆ 8ಕ್ಕೆ ಕೋವ್ ತಲುಪಿ ಸಂಜೆ 6ಕ್ಕೆ ಬಿಡುತ್ತದೆ, ತೀರ್ಥಹಳ್ಳಿಯಿಂದ ನೀವೂ ನಿಮ್ಮ ಭಾವನವರೂ ಹೋಗುತ್ತಿದ್ದೀರಿ, ಹಡಗಿನವರ ಟೂರ್ ದುಬಾರಿ ಅನಿಸಿದೆ. ಟ್ಯಾಕ್ಸಿಯೂ ಬೇಡ, ರೈಲಿನಲ್ಲೇ ಆಗುತ್ತದೆ. ಆದರೆ ಮಿಡಲ್‌ಟನ್ ಎಂಬ ಊರಿನ ವಿಸ್ಕಿ ಡಿಸ್ಟಿಲರಿಯನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ. ಕಾರ್ಕ್ ನಗರದ ಬಿಯರ್ ಬ್ರೂವರಿ ಸಮಯ ಉಳಿದರೆ ಮಾತ್ರ. ಎರಡಕ್ಕೂ ಮುಂಗಡ ದುಡ್ಡು ಕಟ್ಟಿದವರು ಒಂದನ್ನೂ ನೆಟ್ಟಗೆ ನೋಡುವುದಿಲ್ಲ.

ಮೊದಲು ವೀಸಾ. ಬ್ರಿಟನ್ ವೀಸಾ ಇದೆಯಲ್ಲ ಎಂದು ಸುಮ್ಮನಿರಬೇಡಿ, ಐರ್ಲೆಂಡ್ ಬೇರೆಯೇ ದೇಶ. ಷೆಂಗೆನ್ ವೀಸಾವೂ ಅಲ್ಲಿ ನಡೆಯುವುದಿಲ್ಲ. ಭಾರತೀಯರಿಗೆ ಬ್ರಿಟಿಷ್-ಐರಿಷ್ ವೀಸಾ ಯೋಜನೆ ಎಂಬುದಿದೆ. ನಿಮ್ಮ ಬ್ರಿಟನ್ ವೀಸಾದ ಮೇಲೆ 'ಬಿಐವಿಎಸ್' ಎಂಬ ಅಕ್ಷರಗಳಿದ್ದರೆ ಅದರಲ್ಲೇ ಐರ್ಲೆಂಡಿಗೂ ಇಳಿಯಬಹುದು. ಇಲ್ಲದಿದ್ದರೆ ಏನು ಬೇಕೆಂದು ಹಡಗು ಕಂಪನಿಯಿಂದ ಇ-ಮೇಲ್‌ನಲ್ಲೇ ಉತ್ತರ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ಬಂದರಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಕೋವ್‌ನ ದೊಡ್ಡ ಅನುಕೂಲವೆಂದರೆ ಹಡಗುಕಟ್ಟೆಯ ಪಕ್ಕದಲ್ಲೇ ರೈಲು ನಿಲ್ದಾಣ. ಐದು ನಿಮಿಷದ ನಡಿಗೆಯೂ ಇಲ್ಲ. ಆದರೆ ಕಟ್ಟೆಯಲ್ಲಿ ಬೇರೆ ಹಡಗಿದ್ದರೆ ನಿಮ್ಮದನ್ನು ರಿಂಗಾಸ್ಕಿಡಿ ಎಂಬ ಸರಕು ಬಂದರಿಗೆ ಕಳಿಸುವುದೂ ಉಂಟು. ಅಲ್ಲಿ ರೈಲಿಲ್ಲ, ಈ ಲೆಕ್ಕವೆಲ್ಲ ಬುಡಮೇಲು. ಟಿಕೆಟ್ ಕಾಯ್ದಿರಿಸುವ ಮುನ್ನ ಯಾವ ಕಟ್ಟೆ ಎಂದು ಕೇಳಿಕೊಳ್ಳಿ.

ಕೋವ್‌ನಿಂದ ಮಿಡಲ್‌ಟನ್‌ಗೆ ನೇರ ಗಾಡಿ ಇಲ್ಲ. ನಮಗೆ ಬೀರೂರು ಹೇಗೋ ಅಲ್ಲಿ ಗ್ಲೌಂಥಾನ್ ಹಾಗೆ: ಕಾರ್ಕ್ ನಗರದಿಂದ ಬಂದ ಹಳಿ ಅಲ್ಲಿ ಕವಲೊಡೆದು ಒಂದು ಕೋವ್‌ಗೆ, ಇನ್ನೊಂದು ಮಿಡಲ್‌ಟನ್‌ಗೆ ಹೋಗುತ್ತದೆ. ನೀವು ಕಾರ್ಕ್ ಕಡೆಯ ಗಾಡಿ ಹತ್ತಿ ಸುಮಾರು ಕಾಲು ಗಂಟೆಯಲ್ಲಿ ಗ್ಲೌಂಥಾನ್‌ನಲ್ಲಿ ಇಳಿದು, ಎದುರಿನ ಪ್ಲಾಟ್‌ಫಾರಂಗೆ ದಾಟಿ, ಕಾರ್ಕ್‌ನಿಂದ ಬರುವ ಮಿಡಲ್‌ಟನ್ ಗಾಡಿ ಹಿಡಿಯಬೇಕು. ಅಲ್ಲಿಂದ ಹತ್ತು ಹನ್ನೆರಡು ನಿಮಿಷ. ಜನ ಎಡವುವುದು ಇಲ್ಲೇ. ಇಳಿದ ಪ್ಲಾಟ್‌ಫಾರಂನಲ್ಲೇ ಕಾಯುತ್ತ ನಿಲ್ಲುತ್ತಾರೆ, ಮಿಡಲ್‌ಟನ್ ಗಾಡಿ ಕಣ್ಣೆದುರೇ ಆಚೆ ಬದಿಯಿಂದ ಹೊರಟುಹೋಗುತ್ತದೆ. ಟಿಕೆಟನ್ನು ಕೋವ್‌ನಲ್ಲೇ ಮಿಡಲ್‌ಟನ್‌ವರೆಗೆ ತೆಗೆದುಕೊಳ್ಳಿ. ಭಾನುವಾರ ಗಾಡಿಗಳು ಕಡಿಮೆ. ಈ ಮಾರ್ಗದಲ್ಲಿ ಹಳಿ ಕಾಮಗಾರಿ ಇದ್ದರೆ ವಾರಾಂತ್ಯದಲ್ಲಿ ಒಮ್ಮೊಮ್ಮೆ ರೈಲಿನ ಬದಲು ಬಸ್ ಬಿಡುತ್ತಾರೆ; ಹಿಂದಿನ ರಾತ್ರಿ ಐರಿಷ್ ರೈಲ್ ಜಾಲತಾಣ ನೋಡಿಕೊಂಡೇ ಮಲಗಿ.

ಸಮಯ ಹೀಗಿಟ್ಟುಕೊಳ್ಳಿ. 8ಕ್ಕೆ ಹಡಗು ಕಟ್ಟಿದರೂ ಕೆಳಗಿಳಿಯಲು ಬಿಡುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗುತ್ತದೆ. ಒಂಬತ್ತೂವರೆಯ ಆಸುಪಾಸಿನ ಗಾಡಿ ಸಿಕ್ಕಿದರೆ ಹತ್ತೂಕಾಲಿಗೆ ಮಿಡಲ್‌ಟನ್. ನಿಲ್ದಾಣ ಊರಿನ ಉತ್ತರ ತುದಿಯಲ್ಲಿ, ಡಿಸ್ಟಿಲರಿ ದಕ್ಷಿಣದಲ್ಲಿ. ಪೇಟೆಬೀದಿಯಲ್ಲೇ ನೇರ ಇಪ್ಪತ್ತು ನಿಮಿಷ ನಡೆದರೆ ಆಯಿತು. ಆದ್ದರಿಂದ 11ರ ಟೂರ್ ಬುಕ್ ಮಾಡಿ, 10:30ರದ್ದು ಬೇಡ. ಒಂದು ರೈಲು ತಪ್ಪಿದರೂ ಕೆಲಸ ಕೆಡಬಾರದು. ಹಡಗು ಬಂದ ದಿನ ಹಡಗಿನವರ ಬಸ್‌ಗಳೂ ಅಲ್ಲಿಗೇ ಬರುವುದರಿಂದ ಬಾಗಿಲಲ್ಲಿ ಹೋಗಿ ಕೇಳಿದರೆ ಜಾಗ ಸಿಗದಿರಬಹುದು. ಆನ್‌ಲೈನ್‌ನಲ್ಲಿ ಮುಂಚೆಯೇ ಬುಕ್ ಮಾಡಿ, ಆದರೆ ರದ್ದು ಮಾಡಿದರೆ ಹಣ ವಾಪಸಾಗುವ ನಿಯಮ ಇದೆಯೇ ಓದಿಕೊಳ್ಳಿ. ಹವೆ ಕೆಟ್ಟರೆ ಹಡಗು ಬಂದರನ್ನೇ ಬಿಟ್ಟು ಮುಂದೆ ಹೋಗುತ್ತದೆ, ಅದಕ್ಕೆ ಡಿಸ್ಟಿಲರಿಯವರು ಹೊಣೆಯಲ್ಲ.

ಈಗ ನೋಡುವ ವಿಷಯ. ಮಿಡಲ್‌ಟನ್ ಕಟ್ಟಡ ಮೊದಲು ಉಣ್ಣೆ ಗಿರಣಿಯಾಗಿತ್ತು. 1825ರಲ್ಲಿ ಮರ್ಫಿ ಸಹೋದರರು ಕೊಂಡು ಡಿಸ್ಟಿಲರಿ ಮಾಡಿದರು. 1975ರಲ್ಲಿ ಉತ್ಪಾದನೆ ಪಕ್ಕದ ಹೊಸ ಕಾರ್ಖಾನೆಗೆ ಹೋಯಿತು, ಜೇಮ್ಸನ್ ವಿಸ್ಕಿ ತಯಾರಾಗುವುದು ಅಲ್ಲೇ. ಸಾಮಾನ್ಯ ಟೂರ್‌ನಲ್ಲಿ ತೋರಿಸುವುದು ಹೆಚ್ಚಾಗಿ ಹಳೆಯ ಆವರಣ. ಅದೇನೂ ಕಡಿಮೆಯಲ್ಲ: 1852ರ, 22 ಅಡಿ ವ್ಯಾಸದ ಎರಕದ ಕಬ್ಬಿಣದ ನೀರುಚಕ್ರ ಇದೆ. 1,43,872 ಲೀಟರ್ ಹಿಡಿಯುವ, ಬಟ್ಟಿ ಇಳಿಸುವ ತಾಮ್ರದ ಪಾತ್ರೆಯಿದೆ; ಇದಕ್ಕೆ ಪಾಟ್ ಸ್ಟಿಲ್ ಎನ್ನುತ್ತಾರೆ, ಪ್ರಪಂಚದಲ್ಲೇ ದೊಡ್ಡದು. ಮಲೆನಾಡಿನ ಬಚ್ಚಲುಮನೆಯ ಹಂಡೆ ನೂರು ಲೀಟರಿನದೆಂದುಕೊಂಡರೆ ಅಂಥ ಸಾವಿರದ ನಾನೂರಕ್ಕೂ ಹೆಚ್ಚು ಹಂಡೆ ನೀರು ಒಂದೇ ಪಾತ್ರೆಯಲ್ಲಿ.

ತಾಮ್ರವೇ ಏಕೆ ಎಂದು ಗೈಡ್ ಹೇಳುವ ಮುನ್ನ ತಿಳಿದಿರಲಿ. ಹುದುಗಿನಿಂದ ಬರುವ ಗಂಧಕದ ವಾಸನೆಯನ್ನು, ಎಂದರೆ ಕೊಳೆತ ಮೊಟ್ಟೆಯಂಥ ನಾತವನ್ನು, ಆವಿ ತಾಮ್ರಕ್ಕೆ ತಾಗಿದಾಗ ಲೋಹ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಪಾತ್ರೆ ಒಳಗಿನಿಂದ ನಿಧಾನಕ್ಕೆ ಸವೆಯುತ್ತದೆ. ಉರಿ ಜಾಸ್ತಿಯಾದರೆ ಆಲೆಮನೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕಿದ ಹಾಗೆ ನೊರೆ ಎದ್ದು ಕುತ್ತಿಗೆ ಹತ್ತಿ, ಹುಳಿ ಬಂದ ರಸವೇ ಆಚೆಗೆ ದಾಟಿಬಿಡುತ್ತದೆ. ಕುತ್ತಿಗೆಯ ಹತ್ತಿರ ಒಳಗಿನ ನೊರೆ ಕಾಣಲೆಂದು ಗಾಜಿನ ಕಿಂಡಿ ಇಟ್ಟ ಸ್ಟಿಲ್‌ಗಳಿವೆ. ಕಣ್ಣಿಗೆ ಬಿದ್ದರೆ ಬಿಡಬೇಡಿ.

ಐರಿಷ್ ಪಾಟ್ ಸ್ಟಿಲ್ ವಿಸ್ಕಿಯ ಗುಟ್ಟು ತೆರಿಗೆಯಲ್ಲಿದೆ. 1785ರಲ್ಲಿ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಮೇಲೆ, ಅಂದರೆ ಮಾಲ್ಟ್ ಮೇಲೆ, ಸುಂಕ ಬಿತ್ತು. ಅಲ್ಲಿನವರು ಮೊಳಕೆ ಬರಿಸದ ಹಸಿ ಬಾರ್ಲಿಯನ್ನೂ ಬೆರೆಸತೊಡಗಿದರು. ಸುಂಕ ತಪ್ಪಿಸಲು ಮಾಡಿದ್ದೇ ಬಾಯಲ್ಲಿ ಎಣ್ಣೆ ಸವರಿದಂಥ ಮಂದ ರುಚಿಯಾಗಿ ಉಳಿಯಿತು. ಮದ್ಯಾಂಶ ಶೇ. 8-10 ಇರುವ ಹುಳಿರಸವನ್ನು ಮೂರು ಸಲ ಬಟ್ಟಿ ಇಳಿಸಿ ಶೇ. 80 ದಾಟಿಸುತ್ತಾರೆ, ಸ್ಕಾಚ್‌ಗೆ ಸಾಮಾನ್ಯವಾಗಿ ಎರಡೇ ಸಲ. ಆಮೇಲೆ ಮರದ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಇಡಬೇಕೆಂದು ಅಲ್ಲಿನ ಕಾನೂನು. ಪೀಪಾಯಿಯಿಂದ ವರ್ಷಕ್ಕೆ ಶೇ. 2ರಷ್ಟು ಆವಿಯಾಗಿ ಹೋಗುತ್ತದೆ. ಬೆಂಗಳೂರಿನ ಹವೆಯಲ್ಲಿ ಅದೇ ಶೇ. 10 ದಾಟುತ್ತದೆ, ಹಾಗಾಗಿ ನಮ್ಮ ಕಡೆಯ ವಿಸ್ಕಿಗಳ ವಯಸ್ಸನ್ನು ಅಲ್ಲಿಯದರ ಜೊತೆ ಅಂಕಿಯಲ್ಲಿ ಹೋಲಿಸಬಾರದು.

ರುಚಿ ನೋಡುವ ಮುನ್ನ ಹೊಟ್ಟೆಗೆ ಏನಾದರೂ ಬಿದ್ದಿರಲಿ. ಮೂಗನ್ನು ಲೋಟದೊಳಗೆ ಇಳಿಸಬೇಡಿ, ಅಂಚಿನ ಮೇಲೆ ಹಿಡಿದು ಬಾಯಿ ಸ್ವಲ್ಪ ತೆರೆದು ಮೂಸಿ, ಇಲ್ಲದಿದ್ದರೆ ಮದ್ಯದ ಘಾಟಿಗೆ ಮೂಗು ಜೋಮು ಹಿಡಿದು ಉಳಿದದ್ದೆಲ್ಲ ಒಂದೇ ಥರ ಅನಿಸುತ್ತದೆ. ಎರಡು ಹನಿ ನೀರು ಹಾಕಿ ಮತ್ತೊಮ್ಮೆ ನೋಡಿ. ಚಾಲು ಇರುವ ಸ್ಟಿಲ್ ಕೋಣೆಗೆ ಕರೆದೊಯ್ದರೆ ಫೋನ್ ಆಫ್ ಮಾಡಿ ಎನ್ನುತ್ತಾರೆ. ಗಾಳಿಯಲ್ಲಿ ಮದ್ಯದ ಆವಿಯಿರುತ್ತದೆ, ಒಂದು ಕಿಡಿ ಸಾಕು.

ಮಧ್ಯಾಹ್ನ ಒಂದಕ್ಕೆ ಮುಗಿದಿದ್ದರೆ ಮಾತ್ರ ಬ್ರೂವರಿ. ಮಿಡಲ್‌ಟನ್‌ನಿಂದ ಕಾರ್ಕ್‌ನ ಕೆಂಟ್ ನಿಲ್ದಾಣಕ್ಕೆ ನೇರ ಗಾಡಿ, ಅರ್ಧ ಗಂಟೆಯೊಳಗೆ. ಅಲ್ಲಿಂದ ಕಾರ್ನ್‌ಮಾರ್ಕೆಟ್ ಬೀದಿಯ ರೈಸಿಂಗ್ ಸನ್ಸ್ ಎಂಬ ಬ್ರೂಪಬ್‌ಗೆ ಇಪ್ಪತ್ತು ನಿಮಿಷ ನಡಿಗೆ. ಟೂರ್ ಬೇಕಿಲ್ಲ, ಮಾಡುವ ಜಾಗದಲ್ಲೇ ಕುಡಿಯುವುದು ಬ್ರೂಪಬ್‌ನ ಸೊಗಸು. ಕಾರ್ಕ್‌ಗೆ ಬಂದು ಸ್ಟೌಟ್ ಎಂಬ ಕಪ್ಪು ಬಿಯರ್ ಬಿಟ್ಟು ಬೇರೆ ಕೇಳುವುದು ತೀರ್ಥಹಳ್ಳಿಗೆ ಬಂದು ಕಡುಬು ಬೇಡ ಅಂದ ಹಾಗೆ: ಬೀಮಿಶ್ 1792ರದ್ದು, ಮರ್ಫೀಸ್ 1856ರದ್ದು, ಎರಡೂ ಈ ಊರಿನವೇ. ಭಾವನವರು ಸಸ್ಯಾಹಾರಿಯಾದರೆ ಒಂದು ಮಾತು ಕೇಳಿಕೊಳ್ಳಲಿ. ಕೆಲವು ಬಿಯರ್‌ಗಳನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ತೆಗೆದ ಪದಾರ್ಥ ಹಾಕುತ್ತಾರೆ. ಭಾನುವಾರವಾದರೆ ಮಧ್ಯಾಹ್ನ 12:30ಕ್ಕೆ ಮೊದಲು ಅಂಗಡಿಯಲ್ಲಿ ಬಾಟಲಿ ಮಾರುವುದಿಲ್ಲ.

ಕಾರ್ಕ್‌ನಿಂದ ಕೋವ್‌ಗೆ 25 ನಿಮಿಷ. 4ರ ಗಾಡಿ ಹತ್ತಿ, 5ರದ್ದಲ್ಲ. ಹಡಗು 6ಕ್ಕೆ ಬಿಟ್ಟರೆ ಒಳಗಿರಬೇಕಾದ ಸಮಯ ಸಾಮಾನ್ಯವಾಗಿ 5:30. ಹಡಗಿನವರ ಟೂರ್ ಬಸ್ ತಡವಾದರೆ ಕಾಯುತ್ತಾರೆ, ನಿಮಗಾಗಿ ಕಾಯುವುದಿಲ್ಲ. ಹಡಗಿನ ಗಡಿಯಾರವೂ ಊರಿನ ಗಡಿಯಾರವೂ ಒಂದೇ ಇರಲೇಬೇಕೆಂದಿಲ್ಲ. ಫೋನ್ ತಾನಾಗೇ ಊರಿನ ಸಮಯಕ್ಕೆ ತಿರುಗುತ್ತದೆ, ಕೈಗಡಿಯಾರವನ್ನು ಹಡಗಿನ ಸಮಯಕ್ಕೇ ಇಡಿ. ಬೇಗ ಬಂದರೆ ಕೋವ್ ಸುತ್ತಿ. 1912ರಲ್ಲಿ ಟೈಟಾನಿಕ್ ಕೊನೆಯ ಬಾರಿ ನಿಂತದ್ದು ಇಲ್ಲೇ, ಆಗ ಊರಿನ ಹೆಸರು ಕ್ವೀನ್ಸ್‌ಟೌನ್. ಆಲೂಗಡ್ಡೆ ಬರಗಾಲದಲ್ಲಿ ಲಕ್ಷಾಂತರ ಜನ ದೇಶ ಬಿಟ್ಟರಲ್ಲ, ಹಡಗು ಹತ್ತಿದ ಮುಖ್ಯ ಬಂದರುಗಳಲ್ಲಿ ಇದೂ ಒಂದು. ಆ ಬೆಳೆ ನುಂಗಿದ ಫೈಟಾಫ್ತೊರಾ ಎಂಬ ರೋಗಾಣು ನಮ್ಮ ಅಡಿಕೆ ಕೊಳೆರೋಗದ ದಾಯಾದಿ.

ಬಾಟಲಿ ಕೊಂಡರೆ ಹಡಗು ಹತ್ತುವಾಗ ಸೆಕ್ಯುರಿಟಿಯವರು ಸಾಮಾನ್ಯವಾಗಿ ಚೀಟಿ ಕಟ್ಟಿ ತೆಗೆದಿಟ್ಟು ಪ್ರಯಾಣದ ಕೊನೆಗೆ ಕೊಡುತ್ತಾರೆ. ಬಚ್ಚಿಡಲು ಹೋಗಬೇಡಿ. ಭಾರತಕ್ಕೆ ಸುಂಕವಿಲ್ಲದೆ ತಲಾ 2 ಲೀಟರ್. ವಿಮಾನದ ಚೆಕ್-ಇನ್ ಸಾಮಾನಿನಲ್ಲಿ ಮದ್ಯಾಂಶ ಶೇ. 24ರಿಂದ 70ರೊಳಗಿನದು ತಲಾ 5 ಲೀಟರ್‌ವರೆಗೆ ನಡೆಯುತ್ತದೆ, 70 ಮೀರಿದ್ದು ಬೇಡವೇ ಬೇಡ. ಬೆಂಗಳೂರಿನಿಂದ ಶಿವಮೊಗ್ಗದ ಸೋಗಾನೆಗೆ ವಿಮಾನದಲ್ಲೇ ಬರುವುದಾದರೆ ಡ್ಯೂಟಿ-ಫ್ರೀ ಚೀಲದ ಬಾಟಲಿಯನ್ನೂ ಬೆಂಗಳೂರಿನಲ್ಲಿ ಮತ್ತೆ ಸೂಟ್‌ಕೇಸಿಗೆ ಹಾಕಿ ಚೆಕ್-ಇನ್ ಮಾಡಿ. ಒಂದೊಂದನ್ನೂ ಎರಡು ಪಂಚೆ ಸುತ್ತಿ, ಸೂಟ್‌ಕೇಸಿನ ನಡುವೆ, ಅಂಚಿಗೆ ತಾಗದ ಹಾಗೆ.