ಇಂಗ್ಲಿಷಿನ ‘ಬೈ’ (by) ಪದಕ್ಕೆ ಟರ್ಕಿಶ್‌ನಲ್ಲಿ ಏನಂತಾರೆ?

ನೀವು ಕೇಳಿರುವುದು ಇದು: ‘ಟರ್ಕಿಶ್ ಕಲಿಯಲು ಶುರುಮಾಡಿದ್ದೇನೆ. ಇಂಗ್ಲಿಷಿನ ಪುಟ್ಟ ಪದ ‘ಬೈ’ಗೆ ಡಿಕ್ಷನರಿಯಲ್ಲಿ ಒಂದು ರಾಶಿ ಟರ್ಕಿಶ್ ಪದಗಳಿವೆ. ಯಾವುದನ್ನು ಎಲ್ಲಿ ಹಾಕಬೇಕು?’

ನಾನು ಕೆಲಸದ ಮೇಲೆ ಇಸ್ತಾಂಬುಲ್‌ನಲ್ಲಿರುವ ಕನ್ನಡಿಗ. ಈ ‘ಬೈ’ ನನ್ನ ತಲೆಯನ್ನೂ ಸಾಕಷ್ಟು ತಿಂದಿದೆ. (ಬಯ್ಯುವ ಬೈ ಅಲ್ಲ, ಆದರೂ ಎಷ್ಟೋ ಸಲ ಬೈಯಬೇಕು ಅನಿಸಿದ್ದುಂಟು.) ನನ್ನ ಸಲಹೆ ಇಷ್ಟೇ: ಇಂಗ್ಲಿಷಿನಿಂದ ಟರ್ಕಿಶ್‌ಗೆ ನೇರವಾಗಿ ಹೋಗಬೇಡಿ. ಹೇಳಬೇಕಾದ ಮಾತನ್ನು ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ. ಟರ್ಕಿಶ್‌ಗೂ ಕನ್ನಡಕ್ಕೂ ನೆಂಟಸ್ತನ ಇಲ್ಲ. ಆದರೆ ಎರಡರಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ, ಪ್ರತ್ಯಯಗಳು ಪದದ ಬಾಲಕ್ಕೆ ಅಂಟುತ್ತವೆ. ಹಾಗಾಗಿ ಕನ್ನಡದಲ್ಲಿ ‘ಇಂದ’ ಬಂತೋ, ‘ಒಳಗೆ’ ಬಂತೋ, ‘ಪಕ್ಕ’ ಬಂತೋ ನೋಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಎಲ್ಲಾ ಕಡೆ ಹೊಂದುವುದಿಲ್ಲ. ಹೊಂದದ ಜಾಗಗಳನ್ನೂ ಹೇಳುತ್ತೇನೆ.

ಡಿಕ್ಷನರಿಯಲ್ಲಿ ಮೊದಲು ಸಿಗುವುದು ‘ತರಫಿಂದನ್’. ಯಾರಿಂದ ಆಯಿತು ಅನ್ನುವುದಕ್ಕೆ ಇದು. ಬಿಡಿಸಿ ನೋಡಿ: ‘ತರಫ್’ ಅಂದರೆ ಕಡೆ, ಕೊನೆಯ ‘ದನ್’ ಅಂದರೆ ‘ಇಂದ’. ಒಟ್ಟಿನಲ್ಲಿ ‘ಅವರ ಕಡೆಯಿಂದ’. ಈ ತರಫ್ ಬೇರೆ ಯಾವುದೂ ಅಲ್ಲ, ನಮ್ಮ ಕೋರ್ಟುಗಳಲ್ಲಿ ‘ಅರ್ಜಿದಾರರ ತರಫು ವಕೀಲರು’ ಅನ್ನುವಾಗ ಬರುವ ಅದೇ ತರಫು. ಅರಬ್ಬಿ ಪದ, ಅಲ್ಲಿಗೂ ಹೋಗಿದೆ, ಇಲ್ಲಿಗೂ ಬಂದಿದೆ.

ಆದರೆ ತರಫಿಂದನ್ ಸಿಕ್ಕಿತು ಅಂತ ಎಲ್ಲಾ ಕಡೆ ಹಾಕಬೇಡಿ. ಇಸ್ತಾಂಬುಲ್‌ನ ಸುಲೇಮಾನಿಯೆ ಮಸೀದಿಯನ್ನೇ ತಗೊಳ್ಳಿ. ಅದು 1557ರಲ್ಲಿ ಮುಗಿಯಿತು, ಕಟ್ಟಿದ್ದು ಮಿಮಾರ್ ಸಿನಾನ್. ‘ಮಿಮಾರ್ ಸಿನಾನ್ ತರಫಿಂದನ್ ಯಾಪಿಲ್ದಿ’ ಅಂದರೆ ವ್ಯಾಕರಣ ಸರಿ. ಗೈಡ್ ಪುಸ್ತಕದಲ್ಲೂ ಹೀಗೇ ಇರುತ್ತದೆ. ಆದರೆ ಅದು ಕನ್ನಡದ ‘ಸಿನಾನನಿಂದ ಕಟ್ಟಲ್ಪಟ್ಟಿತು’ ಇದ್ದ ಹಾಗೆ. ಟೀ ಕುಡಿಯುತ್ತಾ ಯಾರು ಹಾಗೆ ಮಾತಾಡುತ್ತಾರೆ? ‘ಬುನು ಸಿನಾನ್ ಯಾಪ್ತಿ’, ಅಂದರೆ ‘ಇದನ್ನ ಸಿನಾನ್ ಕಟ್ಟಿದ’, ಸಾಕು. ‘ಸಿನಾನ್ ಕಟ್ಟಿದ ಮಸೀದಿ’ ಅನ್ನಬೇಕಾದರೆ ‘ಸಿನಾನಿನ್ ಯಾಪ್ತಿಯಿ ಜಾಮಿ’. ಪದಗಳ ಸಾಲು ನಮ್ಮದೇ. ಒಂದೇ ವ್ಯತ್ಯಾಸ, ಅವರು ‘ಸಿನಾನನ ಕಟ್ಟಿದ’ ಅನ್ನುತ್ತಾರೆ, ಕಟ್ಟಿದವನಿಗೆ ಷಷ್ಠಿ ಹಾಕುತ್ತಾರೆ. ಸರ್ಕಾರಿ ಕಾಗದಗಳಲ್ಲಿ ಇನ್ನೊಂದು ‘ಚಾ’ ಪ್ರತ್ಯಯ ಸಿಗುತ್ತದೆ. ‘ಬಕಾನ್ಲಿಕ್‌ಚಾ’ ಅಂದರೆ ‘ಸಚಿವಾಲಯದ ವತಿಯಿಂದ’. ಓದಿದಾಗ ಗೊತ್ತಾದರೆ ಸಾಕು, ಬಾಯಲ್ಲಿ ಬರಬೇಕಾಗಿಲ್ಲ.

ಇನ್ನು ಬಸ್ಸು, ರೈಲು, ದೋಣಿ. ಕನ್ನಡವನ್ನು ನಂಬಿದರೆ ಎಡವುವ ಜಾಗ ಇದು. ನಾವು ‘ಬಸ್ಸಲ್ಲಿ ಬಂದೆ’ ಅನ್ನುತ್ತೇವೆ. ಟರ್ಕಿಶ್‌ನಲ್ಲಿ ‘ಅಲ್ಲಿ’ ಹಾಕುವ ಹಾಗಿಲ್ಲ, ‘ಒತೊಬುಸ್ಲೆ ಗೆಲ್ದಿಮ್’ ಅನ್ನಬೇಕು. ‘ಒತೊಬುಸ್ತೆ’ ಅಂದರೆ ‘ನಾನೀಗ ಬಸ್ಸಿನೊಳಗಿದ್ದೇನೆ’ ಅಂತ ಫೋನಲ್ಲಿ ಹೇಳುವ ಮಾತು. ಈ ‘ಲೆ’ ಪ್ರತ್ಯಯಕ್ಕೆ ‘ಜೊತೆ’ ಅನ್ನುವ ಅರ್ಥವೂ ಇದೆ: ‘ಅಲಿಯ್ಲೆ ಗೆಲ್ದಿಮ್’ ಅಂದರೆ ಅಲಿ ಜೊತೆ ಬಂದೆ. ಅಲಿಯೂ ಒಂದೇ, ಬಸ್ಸೂ ಒಂದೇ! ಬಾಸ್ಫರಸ್ ಜಲಸಂಧಿ ದಾಟುವ ಹಡಗಿಗೆ ‘ವಾಪುರ್’ ಅನ್ನುತ್ತಾರೆ. ಅಲ್ಲಿ ಸ್ವರ ಬದಲಾಗಿ ‘ವಾಪುರ್ಲಾ’ ಆಗುತ್ತದೆ. ಹಿಂದಿನ ಸ್ವರ ನೋಡಿಕೊಂಡು ಪ್ರತ್ಯಯ ಬಣ್ಣ ಬದಲಿಸುವುದು ಟರ್ಕಿಶ್‌ನ ಉದ್ದಕ್ಕೂ ಇದೆ, ಅದಕ್ಕೆ ಹೆದರಬೇಡಿ. ನಡೆದು ಬಂದಿದ್ದರೆ ಮಾತ್ರ ಲೆ ಬೇಡ, ‘ಯುರುಯೆರೆಕ್’, ನಮ್ಮ ‘ನಡ್ಕೊಂಡು’.

ಅಂಗಡಿಯಲ್ಲಿ ದುಡ್ಡು ಕೊಡುವಾಗಲೂ ಇದೇ ಲೆ. ‘ಕಾರ್ತ್ ಮಿ, ನಾಕಿತ್ ಮಿ?’ ಅಂತ ಕೇಳುತ್ತಾರೆ. ‘ಕಾರ್ತ್ಲಾ’ ಅಂದರೆ ಕಾರ್ಡಿನಿಂದ. ನಾಕಿತ್ ಯಾವುದು ಅಂತ ಗೊತ್ತಾಯಿತಲ್ವಾ? ನಮ್ಮ ನಗದು.

ಜಾಗ ಹೇಳುವ ಬೈ ಸುಲಭ. ಪಕ್ಕದಲ್ಲಿ ಅನ್ನುವುದಕ್ಕೆ ‘ಯಾನಿಂದಾ’. ಸಮುದ್ರ, ರಸ್ತೆ, ಕಿಟಕಿ ಅಂತ ಅಂಚು ಇರುವ ವಸ್ತುವಾದರೆ ‘ಕೆನಾರ್’: ‘ದೆನಿಜ್ ಕೆನಾರಿಂದಾ’, ಕಡಲ ಕಿನಾರೆಯಲ್ಲಿ. ಮತ್ತೆ ಅದೇ ಪದ, ಈ ಸಲ ಪಾರ್ಸಿಯಿಂದ. ದೂರದೂರಿನ ಬಸ್ ಟಿಕೆಟ್ ಕೌಂಟರಿನಲ್ಲಿ ‘ಜಾಮ್ ಕೆನಾರಿ ಮಿ, ಕೊರಿದೊರ್ ಮು?’ ಅಂದರೆ ಗಾಬರಿ ಬೇಡ, ಕಿಟಕಿ ಸೀಟೋ, ಓಡಾಡುವ ದಾರಿ ಕಡೆಯದೋ ಅಂತ ಕೇಳುತ್ತಿದ್ದಾರೆ. ‘ಯಾನಿಂದಾ’ದ್ದು ಇನ್ನೊಂದು ಬಳಕೆ ನನಗೆ ತುಂಬಾ ಇಷ್ಟ: ‘ಯಾನಿಮ್ದಾ ಪಾರಾ ಯೋಕ್’. ಪದಶಃ ‘ನನ್ನ ಪಕ್ಕದಲ್ಲಿ ದುಡ್ಡಿಲ್ಲ’. ನಾವು ‘ನನ್ನ ಹತ್ರ ದುಡ್ಡಿಲ್ಲ’ ಅನ್ನುವುದೂ ಅದೇ ಲೆಕ್ಕ ತಾನೆ? ಇಂಗ್ಲಿಷಿನಿಂದ ಬಂದವರು ಇದನ್ನು ಉರು ಹೊಡೆಯಬೇಕು, ನಮಗೆ ಪುಕ್ಕಟೆ.

ಜಾಸ್ತಿ ಹುಷಾರಾಗಿರಬೇಕಾದದ್ದು ಕಾಲದ ಬೈ ಬಗ್ಗೆ. ಕನ್ನಡದಲ್ಲಿ ‘ಶುಕ್ರವಾರದೊಳಗೆ’ ಬೇರೆ, ‘ಶುಕ್ರವಾರದ ತನಕ’ ಬೇರೆ. ಟರ್ಕಿಶ್‌ನಲ್ಲಿ ಎರಡಕ್ಕೂ ‘ಜುಮಾಯಾ ಕದರ್’. (ಜುಮಾ ಅಂದರೆ ಶುಕ್ರವಾರ, ನಮ್ಮಲ್ಲಿ ಜುಮ್ಮಾ ನಮಾಜು ಅನ್ನುವ ಅದೇ ಜುಮ್ಮಾ.) ‘ಜುಮಾಯಾ ಕದರ್ ಬುರಾದಾಯಿಮ್’ ಅಂದರೆ ಶುಕ್ರವಾರದ ತನಕ ಇಲ್ಲಿರುತ್ತೇನೆ. ‘ಜುಮಾಯಾ ಕದರ್ ಬಿತೆರ್’ ಅಂದರೆ ಶುಕ್ರವಾರದೊಳಗೆ ಮುಗಿಯುತ್ತದೆ. ತೀರ್ಮಾನ ಮಾಡುವುದು ಕ್ರಿಯಾಪದ. ಇರುವುದು, ಕಾಯುವುದು ಆದರೆ ‘ತನಕ’. ಮುಗಿಯುವುದು, ತಲುಪುವುದು ಆದರೆ ‘ಒಳಗೆ’. ಆಫೀಸ್ ಮೇಲ್‌ನಲ್ಲಿ ಅನುಮಾನಕ್ಕೆ ಜಾಗ ಬೇಡ ಅಂದರೆ ಮುಂದೆ ‘ಎನ್ ಗೆಚ್’ ಸೇರಿಸಿ, ‘ಹೆಚ್ಚೆಂದರೆ ಅಷ್ಟೊತ್ತಿಗೆ’ ಅಂತ. ಆಗ ಯಾರೂ ತಪ್ಪು ತಿಳಿಯುವುದಿಲ್ಲ.

ಇದೇ ಬೈಗೆ ಕದರ್ ಇಲ್ಲದೆಯೂ ನಡೆಯುತ್ತದೆ. ನಮ್ಮ ಬೀದಿಯಲ್ಲಿ ಒಬ್ಬ ‘ತೆರ್ಜಿ’ ಇದ್ದಾರೆ. ಇವರು ನಮ್ಮ ದರ್ಜಿಯೇ, ಉಚ್ಚಾರ ಮಾತ್ರ ಬೇರೆ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಕೊಟ್ಟು, ಪಾಠದಲ್ಲಿ ಕಲಿತ ಹಾಗೆ ‘ಜುಮಾಯಾ ಕದರ್ ಹಾಜಿರ್ ಒಲುರ್ ಮು?’ ಅಂತ ಪೂರ್ತಿ ವಾಕ್ಯ ಹೇಳಿದೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅವರು ಅಂದದ್ದು ಎರಡೇ ಪದ: ‘ಜುಮಾಯಾ ಹಾಜಿರ್.’ ಶುಕ್ರವಾರಕ್ಕೆ ರೆಡಿ! ನಮ್ಮ ‘ಕ್ಕೆ’ ಇರುವ ಜಾಗದಲ್ಲಿ ಅವರ ‘ಯಾ’. ಅಂದಿನಿಂದ ನಾನೂ ಹಾಗೇ ಹೇಳುತ್ತೇನೆ.

ಏನೋ ಮಾಡುವುದರ ಮೂಲಕ ಅನ್ನುವ ಬೈ ಇದೆಯಲ್ಲ, ಅದು ನಮಗೆ ಹಬ್ಬ. ಸೀರಿಯಲ್ ನೋಡಿ ಕಲಿತೆ ಅನ್ನುವುದಕ್ಕೆ ‘ದಿಜಿ ಇಜ್ಲೆಯೆರೆಕ್ ಒಯ್ರೆಂದಿಮ್’. ಇನ್ನೂ ಒತ್ತಿ ಹೇಳಬೇಕಾದರೆ ‘ಇಜ್ಲೆಯೆ ಇಜ್ಲೆಯೆ’, ಅಂದರೆ ‘ನೋಡ್ತಾ ನೋಡ್ತಾ’. ಹೀಗೆ ಎರಡೆರಡು ಸಲ ಹೇಳುವುದು ಅವರಿಗೂ ರೂಢಿ. ಅವರದೊಂದು ಗಾದೆ ಕೇಳಿ: ‘ದಾಮ್ಲಾಯಾ ದಾಮ್ಲಾಯಾ ಗೊಲ್ ಒಲುರ್’. ತೊಟ್ಟಿಕ್ಕುತ್ತಾ ತೊಟ್ಟಿಕ್ಕುತ್ತಾ ಸರೋವರ ಆಗುತ್ತದೆ. ನಮ್ಮ ‘ಹನಿ ಹನಿ ಕೂಡಿದರೆ ಹಳ್ಳ’ ನೆನಪಾಗದೆ ಇರುತ್ತದೆಯೇ? ದಿನದಿಂದ ದಿನಕ್ಕೆ ಅನ್ನುವುದಕ್ಕೆ ‘ಗುಂದೆನ್ ಗುನೆ’, ಪ್ರತ್ಯಯಕ್ಕೆ ಪ್ರತ್ಯಯ ಸರಿಹೊಂದುತ್ತದೆ. ಒಂದೊಂದಾಗಿ ಅನ್ನುವುದಕ್ಕೆ ‘ತೆಕೆರ್ ತೆಕೆರ್’, ಹೆಜ್ಜೆ ಹೆಜ್ಜೆಯಾಗಿ ಅನ್ನುವುದಕ್ಕೆ ‘ಆದಿಮ್ ಆದಿಮ್’.

ಅಳತೆಯ ಬೈ ನಮ್ಮ ಬಾಯಲ್ಲಿ ಯಾವಾಗಲೋ ಬಿದ್ದುಹೋಗಿದೆ, ‘ಥರ್ಟಿ ಫಾರ್ಟಿ ಸೈಟು’ ಅನ್ನುತ್ತೇವಷ್ಟೆ. ಅವರು ‘ಗೆ’ ಹಾಕುತ್ತಾರೆ: ಎರಡಕ್ಕೆ ಮೂರು ಮೀಟರಿನ ಜಮಖಾನೆ ‘ಇಕಿಯೆ ಉಚ್’. ಭಾಗಾಕಾರದಲ್ಲೂ ಅಷ್ಟೇ. ನಾವು ‘ಎರಡರಿಂದ ಭಾಗಿಸು’ ಅಂದರೆ ಅವರು ‘ಎರಡಕ್ಕೆ ಭಾಗಿಸು’, ‘ಇಕಿಯೆ ಬೊಲ್’. ಬೈಟು ಕಾಫಿ ಕುಡಿದು ಬೆಳೆದವರು ಈ ಮಾತನ್ನು ಕಲಿತಿಟ್ಟುಕೊಳ್ಳಿ, ಹೋಟೆಲಿನಲ್ಲಿ ‘ಪಿದೆ’ ಅನ್ನುವ ಅವರ ರೊಟ್ಟಿ ಹಂಚಿಕೊಳ್ಳುವಾಗ ಬೇಕಾಗುತ್ತದೆ. ಚಹಾದಲ್ಲಿ ಮಾತ್ರ ಬೈಟು ನಡೆಯುವುದಿಲ್ಲ. ಅವರ ಲೋಟವೇ ನಮ್ಮ ಬೈಟು ಅಳತೆಯದು.

ಇಂಗ್ಲಿಷಿನಲ್ಲಿ ಬೈ ಬರುವ ಉಳಿದ ಮಾತುಗಳು ಬಿಡಿ ಬಿಡಿಯಾಗಿ ಬಾಯಿಪಾಠ ಮಾಡಬೇಕಾದವು. ಬಾಯಿಪಾಠಕ್ಕೇ ಒಂದು ಪದ ಇದೆ, ‘ಎಜ್ಬೆರೆ’. ತಪ್ಪಿ ಆಗಿದ್ದರೆ ‘ಯಾನ್ಲಿಶ್ಲಿಕ್ಲಾ’, ಅಕಸ್ಮಾತ್ ಆಗಿದ್ದರೆ ‘ತೆಸಾದುಫೆನ್’. ‘ಅಂದ ಹಾಗೆ’ ಅನ್ನುವುದಕ್ಕೆ ‘ಬು ಆರಾದಾ’. ನಾನೊಬ್ಬನೇ ಅನ್ನುವುದಕ್ಕೆ ‘ತೆಕ್ ಬಾಶಿಮಾ’, ‘ಬಾಶ್’ ಅಂದರೆ ತಲೆ. ಮನೆ ಕಡೆ ಬಂದು ಹೋಗಿ ಅನ್ನುವುದಕ್ಕೆ ಒಂದೇ ಕ್ರಿಯಾಪದ, ‘ಉರಾಮಾಕ್’. ಬೆಲೆ ಹತ್ತು ಪರ್ಸೆಂಟ್ ಏರಿತು ಅನ್ನುವಾಗ ನಮ್ಮ ಹಾಗೆಯೇ ಏನೂ ಸೇರಿಸದೆ ‘ಯುಜ್ದೆ ಒನ್ ಆರ್ತ್ತಿ’. ದೇವರಾಣೆ ಅನ್ನುವುದು ‘ವಲ್ಲಾಹಿ’, ಇದನ್ನು ಯಾರೂ ಕಲಿಸಬೇಕಾಗಿಲ್ಲ, ದಿನಕ್ಕೆ ನೂರು ಸಲ ಕಿವಿಗೆ ಬೀಳುತ್ತದೆ.

ಉಚ್ಚಾರದ ಬಗ್ಗೆ ಒಂದು ಮಾತು. ಕನ್ನಡ ಲಿಪಿಯಲ್ಲಿ ಬರೆದಿದ್ದರಿಂದ ಕೆಲವು ಸ್ವರಗಳು ಸರಿಯಾಗಿ ಬಂದಿಲ್ಲ. ‘ಗುಂದೆನ್’ನ ಉಕಾರ ಹೇಳಬೇಕಾದರೆ ತುಟಿ ಗುಂಡಗೆ ಇಟ್ಟು ‘ಇ’ ಅನ್ನಿ. ‘ತರಫಿಂದನ್’ನ ಇಕಾರ ನಮ್ಮ ‘ಇ’ ಅಲ್ಲ, ತುಟಿ ಗುಂಡಗೆ ಮಾಡದೆ ‘ಉ’ ಅಂದ ಹಾಗೆ. ಟರ್ಕಿಶ್ ಲಿಪಿಯಲ್ಲಿ ಅದಕ್ಕೆ ಚುಕ್ಕೆಯಿಲ್ಲದ ಐ ಅಕ್ಷರ ಬಳಸುತ್ತಾರೆ.

ಅಂದ ಹಾಗೆ, ಟರ್ಕಿಶ್‌ನಲ್ಲೇ ‘ಬೈ’ ಥರ ಕೇಳಿಸುವ ಒಂದು ಪದ ಇದೆ: ‘ಬಾಯ್’. ಅದರರ್ಥ ‘ಶ್ರೀ’, ‘ಗಂಡಸು’. ಟಾಯ್ಲೆಟ್ ಬಾಗಿಲ ಮೇಲೆ ಕಂಡರೆ ಗಂಡಸರು ಒಳಗೆ ಹೋಗಬಹುದು. ಕೊನೆಗೆ ‘ಆನ್’ ಸೇರಿ ‘ಬಾಯಾನ್’ ಅಂತಿದ್ದರೆ ಹೆಂಗಸರದ್ದು.